ತೋಟದ ಕಣದಲ್ಲಿ ಡೇರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ‘ಯಾವುದು ಕೊಳ್ಳಲಿ’ ಎನ್ನುವವು. ಅಂಗಡಿಗೆ ಹೋಗುವ ಮೊದಲು ತೋಟದ ಗೋದಾಮಿಗೆ, ಮನೆಯ ಹಳೇ ಸಾಮಾನಿನ ಕೋಣೆಗೆ ಒಮ್ಮೆ ಇಣುಕಿ. ಇಲ್ಲಿ ಡೇರೆಯವರಿಗೆ ದೊಡ್ಡ ಶತ್ರು ತೇವ. ಅದು ಮೇಲಿಂದ ಬರುತ್ತದೆ, ಕೆಳಗಿಂದ ಬರುತ್ತದೆ, ನಿಮ್ಮ ಮೂಗಿನಿಂದಲೂ ಬರುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಪ್ರ: ನಾಲ್ಕು ಜನರ ಟೆಂಟ್ ತಂದು ನಾಲ್ವರೂ ಮಲಗಿದೆವು. ಮಳೆ ಹನಿಯೂ ಬೀಳಲಿಲ್ಲ. ಆದರೂ ಬೆಳಿಗ್ಗೆ ಹೊದಿಕೆಯೆಲ್ಲ ಒದ್ದೆ. ಟೆಂಟ್ ಸೋರುತ್ತಿದೆಯೇ?
— ಓದುಗರು, ಕುಶಾಲನಗರ

ಉ: ಮಳೆಯೇ ಇಲ್ಲದೆ ಸೋರುವುದು ಹೇಗೆ? ಅದು ನಿಮ್ಮದೇ ಉಸಿರು. ನಾಲ್ವರು ದೊಡ್ಡವರು ಒಂದು ರಾತ್ರಿ ಉಸಿರಲ್ಲಿ ಬಿಡುವ ನೀರು ಹೆಚ್ಚುಕಡಿಮೆ ಒಂದು ಲೀಟರ್. ಡಿಸೆಂಬರ್–ಜನವರಿಯ ರಾತ್ರಿಯಲ್ಲಿ ಟೆಂಟಿನ ಬಟ್ಟೆ ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಒಳಗಿನ ಹಬೆ ಅದಕ್ಕೆ ತಾಗಿ ನೀರಾಗಿ ಇಳಿಯುತ್ತದೆ. ಚಳಿ ಎಂದು ಕಿಟಕಿ, ಜಿಪ್ ಎಲ್ಲ ಮುಚ್ಚಿದಷ್ಟೂ ಒದ್ದೆ ಹೆಚ್ಚು.

ಅನುಮಾನ ಉಳಿದಿದ್ದರೆ ಹೀಗೆ ನೋಡಿ. ಮಲಗುವ ಮುಂಚೆ ಟೆಂಟಿನ ನೆಲದ ಮೇಲೆ ಸ್ಟೀಲ್ ತಟ್ಟೆಯೊಂದನ್ನು ಬೋರಲು ಹಾಕಿ. ಬೆಳಿಗ್ಗೆ ತಟ್ಟೆಯ ಬೆನ್ನ ಮೇಲೆ ನೀರಿದ್ದರೆ ಅದು ಒಳಗಿನ ಗಾಳಿಯದು. ತಟ್ಟೆ ಎತ್ತಿದಾಗ ಅದರಡಿಯ ನೆಲ ಒದ್ದೆಯಾಗಿದ್ದರೆ ನೀರು ಮಣ್ಣಿನಿಂದ ಏರಿದೆ ಎಂದು ಅರ್ಥ. ಎರಡಕ್ಕೂ ಮದ್ದು ಬೇರೆ ಬೇರೆ.

ಗಾಳಿಯ ನೀರಿಗೆ: ಎದುರುಬದುರಾಗಿ ಎರಡು ಕಡೆ ಒಂದು ಗೇಣಷ್ಟು ತೆರೆದಿಡಿ, ಒಂದು ಕೆಳಗೆ, ಇನ್ನೊಂದು ಮೇಲೆ. ಹೊರಹೊದಿಕೆ ಒಳಬಟ್ಟೆಗೆ ಎಲ್ಲೂ ತಾಗದಂತೆ ನಾಲ್ಕೂ ಕಡೆ ಎಳೆದು ಕಟ್ಟಿ. ತಾಗಿದ ಜಾಗದಲ್ಲೇ ನೀರು ಒಳಕ್ಕೆ ಇಳಿಯುವುದು. ಒದ್ದೆ ಬಟ್ಟೆ, ಶೂ ಹೊರಗಿರಲಿ. ನಾಲ್ಕು ಜನರದು ಎಂದು ಚೀಟಿ ಅಂಟಿಸಿದ ಟೆಂಟಿನಲ್ಲಿ ಮೂವರು ಮಲಗಿ. ಆ ಲೆಕ್ಕ ಹಾಕುವವರು ಬ್ಯಾಗುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನೆಲದ ನೀರಿಗೆ: ಅಡಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಟೆಂಟಿನ ತಳಕ್ಕಿಂತ ನಾಲ್ಕೂ ಕಡೆ ಮೂರು ಬೆರಳು ಚಿಕ್ಕದಿರಬೇಕು. ಬಹಳ ಜನ ದೊಡ್ಡದೇ ಹಾಸಿ ಅಂಚನ್ನು ಹೊರಗೆ ಬಿಡುತ್ತಾರೆ. ಆಗ ಮಳೆ ನೀರೆಲ್ಲ ಆ ಅಂಚಿಗೆ ಬಿದ್ದು ಹಾಳೆಗೂ ಟೆಂಟಿಗೂ ನಡುವೆ ಹರಿಯುತ್ತದೆ. ಸುತ್ತ ಕಾಲುವೆ ತೋಡುವ ಹಳೇ ಅಭ್ಯಾಸ ಬಿಡಿ. ತೋಟದಲ್ಲಿ ಅದು ಕಾಫಿಯ ಬೇರು ಕಡಿಯುತ್ತದೆ, ಇಳಿಜಾರಿನಲ್ಲಿ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ತುಸು ಏರು ಇರುವ ಜಾಗ ಆರಿಸಿದರೆ ಕಾಲುವೆಯ ಅಗತ್ಯವೇ ಬೀಳದು.

ಪ್ರ: ಕಾಫಿ ಒಣಗಿಸುವ ತಾಡಪಾಲು ಮನೆಯಲ್ಲಿ ಬೇಕಾದಷ್ಟಿದೆ. ಟೆಂಟ್ ಬದಲು ಅದನ್ನೇ ಕಟ್ಟಬಹುದೇ? ಕಳೆದ ಸಲ ಕಟ್ಟಿದಾಗ ಅಂಚಿನಲ್ಲಿ ಹಗ್ಗ ಪೋಣಿಸುವ ಕಣ್ಣುಗಳು ಕಿತ್ತು ಬಂದವು.
— ಓದುಗರು, ಗೋಣಿಕೊಪ್ಪ

ಉ: ಧಾರಾಳವಾಗಿ ಕಟ್ಟಿ. ಗಾಳಿಯಾಡುವುದರಿಂದ ಒಳಗೆ ಹನಿಗಟ್ಟುವ ತೊಂದರೆಯೂ ಇಲ್ಲ. ಆದರೆ ಹಾಳೆಯ ತೂಕ ನೋಡಿಕೊಳ್ಳಿ. 12×18 ಅಡಿಯ ಹಾಳೆ ಸುಮಾರು 20 ಚದರ ಮೀಟರ್. 90 ಜಿಎಸ್ಎಂ (ಚದರ ಮೀಟರಿಗೆ 90 ಗ್ರಾಂ) ಆದರೆ ಎರಡು ಕೆಜಿಯೊಳಗೆ. ಕಣಕ್ಕೆ ಹಾಸುವ 200 ಜಿಎಸ್ಎಂ ಆದರೆ ನಾಲ್ಕು ಕೆಜಿ. ಜೀಪಿನಲ್ಲಿ ಹೋಗುವುದಾದರೆ ಯಾವುದಾದರೂ ಸರಿ, ಹೊತ್ತು ನಡೆಯುವುದಾದರೆ ತೆಳ್ಳಗಿನದೇ ಇರಲಿ.

ಆರು ಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರದ ಎರಡು ಮರಗಳ ನಡುವೆ ಹಗ್ಗ ಬಿಗಿದು, 12 ಅಡಿಯ ಬದಿ ಎರಡು ಪಾಲಾಗುವಂತೆ ಹಾಳೆಯನ್ನು ಅದರ ಮೇಲೆ ಹಾಕಿ. ಪ್ರತಿ ಇಳಿಜಾರು ಆರಡಿ ಆಯಿತು. ಹಗ್ಗ ನೆಲದಿಂದ ನಾಲ್ಕಡಿ ಎತ್ತರದಲ್ಲಿದ್ದರೆ ಕೆಳಗೆ ಸುಮಾರು ಒಂಬತ್ತಡಿ ಅಗಲ ಸಿಗುತ್ತದೆ, ನೀರು ಇಳಿದು ಹೋಗುವಷ್ಟು ಓರೆಯೂ ಇರುತ್ತದೆ. ನಿಂತುಕೊಳ್ಳಲು ಬೇಕೆಂದು ಹಗ್ಗವನ್ನು ಐದಡಿಗೆ ಏರಿಸಿದರೆ ಅಗಲ ಆರೂವರೆ ಅಡಿಗೆ ಇಳಿಯುತ್ತದೆ, ಕಾಲು ಹೊರಗೆ. ಅಡ್ಡಲಾಗಿ ಮಲಗಿ, ತಲೆ ಅಂಚಿನಿಂದ ಒಂದೂಕಾಲು ಅಡಿ ಒಳಗಿರಲಿ. ಮಳೆಗಾಲದ ಗಾಳಿ ಪಡುವಣ, ನೈಋತ್ಯ ಕಡೆಯದು. ಆ ದಿಕ್ಕಿಗೆ ಇಳಿಜಾರಿನ ಬದಿಯನ್ನು ನೆಲಕ್ಕೆ ತಾಗಿಸಿ ಕಟ್ಟಿ, ತೆರೆದ ಬಾಯಿ ಆ ಕಡೆಗೆ ಬೇಡ.

ಇನ್ನು ಕಿತ್ತು ಬಂದ ಕಣ್ಣು. ಈ ಹಾಳೆ ಪ್ಲಾಸ್ಟಿಕ್ ಪಟ್ಟಿಗಳ ನೇಯ್ಗೆ. ಗಾಳಿ ಜಗ್ಗಿದಾಗ ಭಾರವೆಲ್ಲ ಕಣ್ಣಿನ ಸುತ್ತಲಿನ ನಾಲ್ಕೈದು ಎಳೆಗಳ ಮೇಲೆ ಬಿದ್ದು ಸೀಳುತ್ತದೆ. ಕಣ್ಣನ್ನು ನಂಬಬೇಡಿ. ಅಂಚಿನಿಂದ ಒಂದು ಗೇಣು ಒಳಗೆ, ಹಾಳೆಯ ಕೆಳಗಿನಿಂದ ಒಂದು ಹಸಿ ಅಡಿಕೆಯನ್ನೋ ದುಂಡನೆಯ ಬೆಣಚುಕಲ್ಲನ್ನೋ ಒತ್ತಿ, ಮೇಲೆ ಎದ್ದ ಗುಬ್ಬಿಯ ಕುತ್ತಿಗೆಗೆ ಹಗ್ಗ ಎರಡು ಸುತ್ತು ಸುತ್ತಿ ಬಿಗಿಯಿರಿ. ಎಳೆದಷ್ಟೂ ಕಚ್ಚಿ ಹಿಡಿಯುತ್ತದೆ, ಹಾಳೆಗೆ ತೂತೂ ಬೀಳುವುದಿಲ್ಲ. ಚೂಪು ಅಂಚಿನ ಕಲ್ಲು ಮಾತ್ರ ಬೇಡ. ಹಗ್ಗ ಮತ್ತು ಗೂಟದ ನಡುವೆ ಹಳೇ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲ ಕತ್ತರಿಸಿದ ಬಳೆಯೊಂದನ್ನು ಸೇರಿಸಿ, ಗಾಳಿಯ ಜಗ್ಗು ಅದು ನುಂಗುತ್ತದೆ. ನೈಲಾನ್ ಹಗ್ಗ ನೆನೆದರೆ ಸಡಿಲಾಗುತ್ತದೆ. ಮೊದಲ ಮಳೆ ನಿಂತ ಕೂಡಲೇ ಎದ್ದು ಮತ್ತೆ ಬಿಗಿ ಮಾಡಿ. ಮರಕ್ಕೆ ಕಟ್ಟಿದ ಹಗ್ಗದಲ್ಲಿ ನೀರು ಹರಿದು ಒಳಗೆ ಬರುತ್ತದೆ. ಹಾಳೆ ಶುರುವಾಗುವ ಮುಂಚೆ ಆ ಹಗ್ಗಕ್ಕೊಂದು ಬಟ್ಟೆ ಚೂರು ಕಟ್ಟಿ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕಂಪನಿಯ ಕಡ್ಡಿಯಂಥ ಕಬ್ಬಿಣದ ಗೂಟ ನೆನೆದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಕಾಫಿ ಗಿಡ ಸವರಿದಾಗ ಬಿದ್ದ ಹೆಬ್ಬೆರಳು ದಪ್ಪದ ರೆಂಬೆಯನ್ನು ಒಂದಡಿಗೆ ಕತ್ತರಿಸಿ ಚೂಪು ಮಾಡಿ, ತಲೆ ಹೊರಕ್ಕೆ ವಾಲುವಂತೆ ಹೊಡೆಯಿರಿ.

ಒಂದು ಮಾತು ಖಂಡಿತ: ಕಾಳುಮೆಣಸು ಹಬ್ಬಿಸಿದ ಸಿಲ್ವರ್ ಓಕಿಗೆ ಹಗ್ಗ ಕಟ್ಟಬೇಡಿ. ಬಳ್ಳಿಯ ಬುಡ ನಜ್ಜಾದರೆ ಮೇಲಿನದೆಲ್ಲ ಒಣಗುತ್ತದೆ. ಜಾಗ ಕೊಟ್ಟ ಸಾಹುಕಾರರು ಮುಂದಿನ ಸಲ ಗೇಟೇ ತೆಗೆಯುವುದಿಲ್ಲ.

ಪ್ರ: ತಡಿಯಂಡಮೋಳ್ ತುದಿಯಲ್ಲಿ ಟೆಂಟ್ ಹಾಕಿ ಸೂರ್ಯೋದಯ ನೋಡುವ ಆಸೆ. ಆಗುತ್ತದೆಯೇ?
— ಓದುಗರು, ಹಾಸನ

ಉ: ಆಗುವುದಿಲ್ಲ. 1,748 ಮೀಟರಿನ ಆ ಬೆಟ್ಟಕ್ಕೆ ಹಗಲು ಹತ್ತಿ ಹಗಲೇ ಇಳಿಯಬೇಕು. ಬ್ರಹ್ಮಗಿರಿ, ಪುಷ್ಪಗಿರಿ ಅಭಯಾರಣ್ಯಗಳು. ಅನುಮತಿಯಿಲ್ಲದೆ ಒಳಗೆ ಹೋಗುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಮಲಗುವ ಮಾತು ಆಮೇಲಿನದು. ಕಕ್ಕಬ್ಬೆ ಕಡೆಯ ಯಾವುದಾದರೂ ತೋಟದವರನ್ನು ಕೇಳಿ ಅವರ ಕಣದಲ್ಲೋ ಅಂಗಳದಲ್ಲೋ ಡೇರೆ ಹಾಕಿ, ಬೆಳಿಗ್ಗೆ ಅರಣ್ಯ ಇಲಾಖೆಯ ಗೇಟು ತೆರೆದ ಕೂಡಲೇ ಹೊರಡಿ. ಖಾಲಿ ಕಂಡಿತೆಂದು ದೇವರಕಾಡಿನೊಳಗೆ ಮಾತ್ರ ಕಾಲಿಡಬೇಡಿ. ಅಲ್ಲಿಂದ ಒಂದು ಒಣ ಕಡ್ಡಿಯನ್ನೂ ತರಬಾರದೆನ್ನುವುದು ಊರಿನ ಕಟ್ಟು.

ಪ್ರ: ಜಿಗಣೆಗೆ ಉಪ್ಪು, ಹೊಗೆಸೊಪ್ಪು, ಸುಣ್ಣ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ನಿಜ? ಜಿಗಣೆ ಕಾಲುಚೀಲ ಮನೆಯಲ್ಲೇ ಹೊಲಿಯಬಹುದೇ?
— ಓದುಗರು, ಮೈಸೂರು

ಉ: ಹೊಲಿಯಬಹುದು, ಹೊಲಿಯಲೇಬೇಕು. ಮಾಮೂಲಿ ಕಾಲುಚೀಲ ಹೆಣಿಗೆಯದು, ಅದರ ಕಣ್ಣಿನಲ್ಲಿ ಜಿಗಣೆ ಮರಿ ಸಲೀಸಾಗಿ ತೂರುತ್ತದೆ. ಬೇಕಾದ್ದು ಒತ್ತಾಗಿ ನೇಯ್ದ ಹತ್ತಿ ಬಟ್ಟೆ. ದೀಪಕ್ಕೆ ಹಿಡಿದರೆ ಬೆಳಕಿನ ಚುಕ್ಕಿ ಕಾಣಬಾರದು. ತಿಳಿ ಬಣ್ಣದ್ದಾದರೆ ಹತ್ತುವ ಜಿಗಣೆ ಕಣ್ಣಿಗೆ ಬೀಳುತ್ತದೆ.

90 ಸೆಂ.ಮೀ. ಪನ್ನದ ಬಟ್ಟೆ ಒಂದೂಕಾಲು ಮೀಟರ್ ಸಾಕು. ಎಲ್ ಆಕಾರದ ನಾಲ್ಕು ತುಂಡು ಕತ್ತರಿಸಿ, ಕಾಲಿಗೆ ಎರಡರಂತೆ. ಮೇಲಿನಿಂದ ಅಂಗಾಲಿನವರೆಗೆ ಎತ್ತರ 52 ಸೆಂ.ಮೀ., ಮೇಲ್ಬಾಯಿ 24, ಪಾದದ ಉದ್ದ 30, ಪಾದದ ಅಗಲ 14. ಜನ ಎಡವುವುದು ಹಿಮ್ಮಡಿಯ ಹತ್ತಿರ. ಕಾಲು ತೂರಿಸುವಾಗ ಹಿಮ್ಮಡಿಯಿಂದ ಪಾದದ ಮೇಲ್ಭಾಗದವರೆಗಿನ ಓರೆ ಸುತ್ತಳತೆಯೇ ದೊಡ್ಡದು, ದೊಡ್ಡವರಿಗೆ 35 ಸೆಂ.ಮೀ. ಆಸುಪಾಸು. ಆದ್ದರಿಂದ ಪಾದದ ಗಂಟಿನ ಬಳಿ ತುಂಡಿನ ಅಗಲ 21ಕ್ಕಿಂತ ಕಡಿಮೆ ಮಾಡಬೇಡಿ. ಬಟ್ಟೆ ಹಿಗ್ಗುವುದಿಲ್ಲ, ಮೊದಲ ದಿನವೇ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಮೊದಲು ಹೊರಗಿನಿಂದ ಅಂಚಿಗೆ ಒಂದು ಹೊಲಿಗೆ, ಮಗುಚಿ ಒಳಗಿನಿಂದ ಇನ್ನೊಂದು. ಕಚ್ಚಾ ಅಂಚು ಮಡಿಕೆಯೊಳಗೆ ಅಡಗುತ್ತದೆ, ಪಾದ ಉಜ್ಜುವುದಿಲ್ಲ. ಮೇಲ್ಬಾಯಿಗೆ ಲಾಡಿ. ಹಾಕುವ ಕ್ರಮ: ಮಾಮೂಲಿ ಕಾಲುಚೀಲ, ಪ್ಯಾಂಟು, ಪ್ಯಾಂಟಿನ ಮೇಲೆ ಈ ಚೀಲ, ಆಮೇಲೆ ಶೂ. ಪ್ಯಾಂಟಿನ ಒಳಗೆ ಹಾಕಿದರೆ ಜಿಗಣೆಗೆ ಪ್ಯಾಂಟಿನ ದಾರಿ ತೆರೆದೇ ಇರುತ್ತದೆ.

ಹೊಗೆಸೊಪ್ಪು ಕೆಲಸ ಮಾಡುತ್ತದೆ. ಒಂದು ಹಿಡಿ ಸೊಪ್ಪನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಸೋಸಿ, ಚೀಲಗಳನ್ನು ಅದರಲ್ಲಿ ಅದ್ದಿ ಪೂರ್ತಿ ಒಣಗಿಸಿ. ಒದ್ದೆಯಾಗಿ ಚರ್ಮಕ್ಕೆ ತಾಗಿದರೆ ಅದರ ವಿಷ ಮೈಗೆ ಹತ್ತಿ ತಲೆ ಸುತ್ತು, ವಾಂತಿ ಬರಬಹುದು. ಮಕ್ಕಳ ಚೀಲಕ್ಕೆ ಬೇಡವೇ ಬೇಡ. ಅವರ ಶೂಗೆ ಬಟ್ಟೆ ಸೋಪಿನ ಒಣ ಬಾರನ್ನು ದಪ್ಪಗೆ ತಿಕ್ಕಿ. ಎರಡೂ ಮಳೆಗೆ ತೊಳೆದು ಹೋಗುವವೇ, ಆಗಾಗ ಹಚ್ಚುತ್ತಿರಬೇಕು.

ಕಚ್ಚಿದ ಜಿಗಣೆಗೆ ಉಪ್ಪು, ಬೆಂಕಿ ಬೇಡ. ಅದು ಹೊಟ್ಟೆಯಲ್ಲಿರುವುದನ್ನು ಗಾಯದೊಳಗೇ ಕಕ್ಕುತ್ತದೆ. ಸಪೂರ ತುದಿಯೇ ಬಾಯಿ. ಅದರ ಪಕ್ಕ ಉಗುರು ಒತ್ತಿ ಅಡ್ಡಲಾಗಿ ಸರಿಸಿದರೆ ಹಿಡಿತ ಬಿಡುತ್ತದೆ, ಕೂಡಲೇ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ಚಿಮ್ಮಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುವುದರಿಂದ ತಾಸುಗಟ್ಟಲೆ ಜಿನುಗಬಹುದು, ಹೆದರಬೇಕಿಲ್ಲ. ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಕಟ್ಟಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಮಾತ್ರ ಎಚ್ಚರ ವಹಿಸಬೇಕು.

ಉಣುಗಿಗೆ ಈ ಉಪಾಯ ನಡೆಯದು. ಅದನ್ನು ಚಿಮಟಿಗೆಯಿಂದ ಚರ್ಮಕ್ಕೆ ಅಂಟಿದ ಜಾಗದಲ್ಲೇ ಹಿಡಿದು ನೇರವಾಗಿ ಎಳೆಯಬೇಕು.

ಪ್ರ: ಎಣ್ಣೆ ಡಬ್ಬದಿಂದ ಒಲೆ ಮಾಡಿದೆವು. ಬರೀ ಹೊಗೆ. ಸೌದೆಯೂ ಹತ್ತಿಕೊಳ್ಳಲಿಲ್ಲ.
— ಓದುಗರು, ಸೋಮವಾರಪೇಟೆ

ಉ: ಡಬ್ಬದ ಒಲೆ ಹೊಗೆಯಾಡಲು ಮುಖ್ಯ ಕಾರಣ ಎರಡು: ಕೆಳಗೆ ಗಾಳಿ ಸಾಲದು, ಮೇಲೆ ಪಾತ್ರೆ ಬಾಯಿ ಮುಚ್ಚಿಬಿಟ್ಟಿರುತ್ತದೆ. 15 ಕೆಜಿಯ ಚೌಕ ಡಬ್ಬ ತೆಗೆದುಕೊಳ್ಳಿ, ಮೇಲಿನ ಮುಚ್ಚಳ ಪೂರ್ತಿ ಕತ್ತರಿಸಿ. ಒಂದು ಬದಿಯ ಬುಡದಲ್ಲಿ 12 ಸೆಂ.ಮೀ. ಅಗಲ, 10 ಎತ್ತರದ ಬಾಯಿ. ತಳದಿಂದ ನಾಲ್ಕು ಬೆರಳು ಮೇಲೆ ಕಬ್ಬಿಣದ ಸರಳು ಅಡ್ಡಡ್ಡ ತೂರಿಸಿ ಜಾಲರಿ ಮಾಡಿ. ಸೌದೆ ಅದರ ಮೇಲೆ, ಬೂದಿ ಮತ್ತು ಗಾಳಿಯ ದಾರಿ ಅದರ ಕೆಳಗೆ. ಪಾತ್ರೆ ಕೂರಲು ಡಬ್ಬದ ಮೇಲ್ಬಾಯಿಯಿಂದ ತುಸು ಕೆಳಗೆ ಇನ್ನೆರಡು ಸರಳು. ಪಾತ್ರೆ ಡಬ್ಬದೊಳಗೆ ಇಳಿದು ಕೂರಬೇಕು, ಸುತ್ತ ಒಂದು ಬೆರಳಿನಷ್ಟು ಸಂದು ಇರಬೇಕು. ಡಬ್ಬ 24 ಸೆಂ.ಮೀ. ಅಗಲವಿದ್ದರೆ ಪಾತ್ರೆ 20ರದು. ಸಂದು ಇಲ್ಲದಿದ್ದರೆ ಹೊಗೆ ನಿಮ್ಮ ಮುಖಕ್ಕೆ, ಹೆಚ್ಚಾದರೆ ಕಾವು ಆಕಾಶಕ್ಕೆ. ಮೊದಲ ಸಲ ಖಾಲಿ ಒಲೆ ಹಚ್ಚಿ ಡಬ್ಬದ ಬಣ್ಣ ಸುಟ್ಟುಬಿಡಿ, ಅದರ ಹೊಗೆ ಅಡುಗೆಗೆ ತಾಗಬಾರದು. ಕೆಳಗೆ ಮೂರು ಕಲ್ಲು ಕೊಡಿ.

ಸೌದೆಯಲ್ಲಿ ಕಾಫಿ ಕಟ್ಟಿಗೆಗೆ ಸಾಟಿಯಿಲ್ಲ, ಗಟ್ಟಿ ಕೆಂಡ ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಹೊತ್ತಿಸಲು ಒಳ್ಳೆಯದು. ಹೊರಗೆ ನೆನೆದ ಕಟ್ಟಿಗೆ ಒಳಗೆ ಒಣಗಿಯೇ ಇರುತ್ತದೆ. ಕತ್ತಿಯಿಂದ ಸೀಳಿ ಬೆರಳು ಗಾತ್ರಕ್ಕೆ ತನ್ನಿ. ಮನೆಯಲ್ಲೇ ಹತ್ತಿಯುಂಡೆಗೆ ಅರ್ಧ ಚಮಚ ವ್ಯಾಸಲೀನ್ ಚೆನ್ನಾಗಿ ತಿಕ್ಕಿ ಡಬ್ಬಿಯಲ್ಲಿ ತುಂಬಿಕೊಳ್ಳಿ. ಹಚ್ಚುವಾಗ ಉಂಡೆ ಬಿಡಿಸಿ ನಾರು ಹೊರಗೆ ಎಳೆಯಬೇಕು, ಗಟ್ಟಿ ಉಂಡೆಗೆ ಕಿಡಿ ಹಿಡಿಯದು.

ಜನವರಿಯಿಂದ ಮಳೆ ಬೀಳುವವರೆಗೆ ಬಾಣೆಯ (ಮೇವು, ಸೌದೆಗೆ ಬಿಟ್ಟ ಜಾಗದ) ಹುಲ್ಲು ಒಣಗಿ ಬೆಂಕಿಗೆ ಕಾಯುತ್ತಿರುತ್ತದೆ. ಆಗ ಒಲೆ ಸಿಮೆಂಟ್ ಕಣದ ಮೇಲೆ ಮಾತ್ರ, ಪಕ್ಕದಲ್ಲಿ ಒಂದು ಕೊಡ ನೀರು. ಆರಿಸಿದ ಮೇಲೆ ಬೂದಿ ಕೆದಕಿ, ಮತ್ತೆ ನೀರು ಹಾಕಿ, ಅಂಗೈಯ ಹಿಂಬದಿ ಹತ್ತಿರ ಹಿಡಿದು ಕಾವು ಇಲ್ಲವೆಂದು ನೋಡಿಯೇ ಏಳಿ. ಕೆಂಡದ ಬಾಣಲೆಯನ್ನು ಟೆಂಟಿನೊಳಗೆ ಇಟ್ಟು ಮಲಗುವುದು ಸಾವಿಗೆ ಕರೆ ಕೊಟ್ಟಂತೆ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ.

ಪ್ರ: ಬೆನ್ನಿಗೆ ನೆಲದ ಥಂಡಿ ಏರದಂತೆ ಖರ್ಚಿಲ್ಲದ ಹಾಸಿಗೆ ಇದೆಯೇ?
— ಓದುಗರು, ಪೊನ್ನಂಪೇಟೆ

ಉ: ಕಾಫಿ ತುಂಬುವ ಗೋಣಿಚೀಲ ಮೂರು, ಒಂಬತ್ತಡಿಯ ಬಲಿತ ಬಿದಿರು ಎರಡು. ಬಿದಿರು ಕಾಡಿನಿಂದ ಬೇಡ, ತೋಟದವರನ್ನು ಕೇಳಿ. ಸಪೂರ ತುದಿಯೂ ಎರಡು ಇಂಚು ದಪ್ಪ ಇರಲಿ. ಚೀಲದ ತಳದ ಎರಡು ಮೂಲೆಗಳಲ್ಲಿ ಬಿದಿರು ತೂರುವಷ್ಟು ಮಾತ್ರ ಕತ್ತರಿಸಿ, ಎರಡೂ ಬಿದಿರನ್ನು ಮೂರು ಚೀಲಗಳೊಳಗೆ ಪೋಣಿಸಿ. ಒಂದರ ಬಾಯಿ ಇನ್ನೊಂದರ ಮೇಲೆ ಅರ್ಧ ಅಡಿ ಏರಬೇಕು, ಇಲ್ಲದಿದ್ದರೆ ಸೊಂಟದ ಹತ್ತಿರ ಸಂದು ಬಿಟ್ಟುಕೊಳ್ಳುತ್ತದೆ. ಎರಡೂ ಕೊನೆಗೆ ನಾಲ್ಕಡಿ ಕೋಲುಗಳೆರಡನ್ನು ಕತ್ತರಿಯಂತೆ ಕಟ್ಟಿ ನಿಲ್ಲಿಸಿ, ಬಿದಿರುಗಳನ್ನು ಅದರ ಹೊರಬದಿಗೆ ಕೂರಿಸಿ ಕಟ್ಟಿ. ಮೈಭಾರ ಬಿದ್ದಾಗ ಗೋಣಿಯೇ ಬಿಗಿದು ಹಿಡಿಯುತ್ತದೆ.

ಎತ್ತರದಲ್ಲಿ ಮಲಗಿದರೆ ಥಂಡಿ ತಾಗದು ಎನ್ನುವುದು ತಪ್ಪು. ಕೆಳಗೆ ಗಾಳಿ ಓಡಾಡಿ ಇನ್ನೂ ಚಳಿಯಾಗುತ್ತದೆ. ಗೋಣಿಯ ಎರಡು ಪದರಗಳ ನಡುವೆ ಒಣ ಭತ್ತದ ಹುಲ್ಲು ತುಂಬಿ, ಮೂರು ನಾಲ್ಕು ಕೆಜಿ ಹಿಡಿಯುತ್ತದೆ. ಮುಗ್ಗಿದ ಹುಲ್ಲಾದರೆ ರಾತ್ರಿಯಿಡೀ ಸೀನು. ಕಾಲಿನ ಹತ್ತಿರ ಬಿಸಿನೀರಿನ ಬಾಟಲಿ ಇಡುವವರು ಸ್ಟೀಲಿನದನ್ನು ಕಾಲುಚೀಲದೊಳಗೆ ಹಾಕಿ ಇಡಿ, ನೀರು ಮಾರುವ ಪ್ಲಾಸ್ಟಿಕ್ ಬಾಟಲಿ ಕುದಿನೀರಿಗೆ ಸುಕ್ಕಿ ಸೋರುತ್ತದೆ.

ಪ್ರ: ತೋಟದ ತೋಡಿನ ನೀರು ಕುದಿಸಿ ಕುಡಿದರೆ ಸಾಕೇ? ಬಾಟಲಿಯಲ್ಲಿ ಮರಳು, ಇದ್ದಿಲು ಹಾಕಿ ಸೋಸಿದರೆ?
— ಓದುಗರು, ವಿರಾಜಪೇಟೆ

ಉ: ಬೆಟ್ಟದ ಮೇಲಿನ, ಯಾವ ತೋಟವೂ ದಾಟದ ತೊರೆಯಾದರೆ ಬಟ್ಟೆಯಲ್ಲಿ ಸೋಸಿ, ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಮರಳು–ಇದ್ದಿಲಿನ ಸೋಸುಬಾಟಲಿ ಕೆಸರು ತೆಗೆಯುತ್ತದೆ, ರೋಗಾಣು ತೆಗೆಯುವುದಿಲ್ಲ. ಸೋಸಿದ ಮೇಲೂ ಕುದಿಸಲೇಬೇಕು. ಕ್ಲೋರಿನ್ ಮಾತ್ರೆ ಹಾಕಿದರೆ ಅರ್ಧ ಗಂಟೆ ಕಾಯಿರಿ, ಬಗ್ಗಡ ನೀರಿಗೆ ಅದು ನಾಟದು.

ತೋಟದೊಳಗಿನ ತೋಡು ಬೇರೆ ಕಥೆ. ಕೊಯ್ಲಿನ ತಿಂಗಳುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ನೀರು ಸೇರಿರಬಹುದು, ಕಂದು ಬಣ್ಣ ಮತ್ತು ಹುಳಿ ನಾತದಿಂದ ಗೊತ್ತಾಗುತ್ತದೆ. ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಿಸಿದ್ದರೆ ಅದು ಕಣ್ಣಿಗೂ ಮೂಗಿಗೂ ಸಿಗದು. ಮೈಲುತುತ್ತ, ಕೀಟನಾಶಕ ಕುದಿಸಿದರೆ ಹೋಗುವುದಿಲ್ಲ; ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಮನೆಯ ಬಾವಿಯಿಂದಲೋ ಟ್ಯಾಂಕಿನಿಂದಲೋ ತುಂಬಿಕೊಳ್ಳಿ. ಅಡುಗೆ ಸೇರಿ ತಲೆಗೆ ದಿನಕ್ಕೆ ಐದು ಲೀಟರ್. ಬಯಲಿಗೆ ಹೋಗುವುದು ನೀರಿನಿಂದ ಇನ್ನೂರಡಿ ಆಚೆ, ಅರ್ಧ ಅಡಿ ಗುಂಡಿ ತೋಡಿ ಮುಚ್ಚಿ.

ಪ್ರ: 10,000 ಎಂಎಎಚ್ ಪವರ್ ಬ್ಯಾಂಕಿನಿಂದ 5,000ದ ಫೋನು ಎರಡು ಸಲ ತುಂಬುವುದಿಲ್ಲ. ಮೋಸವೇ?
— ಓದುಗರು, ಮಡಿಕೇರಿ

ಉ: ಅಲ್ಲ. ಆ ಅಂಕಿ 3.7 ವೋಲ್ಟಿನ ಲೆಕ್ಕ. 5 ವೋಲ್ಟಿಗೆ ಏರಿಸಿದಾಗ 7,400, ನಷ್ಟ ಕಳೆದು ಆರೂವರೆ ಸಾವಿರದ ಹತ್ತಿರ ಸಿಗುತ್ತದೆ. ಸಿಗ್ನಲ್ ಇಲ್ಲದ ಕಡೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಹುಡುಕಾಟದಲ್ಲೇ ಬ್ಯಾಟರಿ ಖಾಲಿಯಾಗುವುದು.

ಪ್ರ: ಟೆಂಟಿನ ಫೈಬರ್ ಕಡ್ಡಿ ಉದ್ದಕ್ಕೆ ಸೀಳಿದೆ. ಹೊಸ ಸೆಟ್ಟೇ ಬೇಕೇ?
— ಓದುಗರು, ಶನಿವಾರಸಂತೆ

ಉ: ಬೇಡ. ಹಳೇ ಟಿ.ವಿ. ಆಂಟೆನಾದ ಅಲ್ಯೂಮಿನಿಯಂ ಕೊಳವೆಯಿಂದ ಒಂದು ಗೇಣು ಕತ್ತರಿಸಿ, ಒಳಗಿನ ಅಳತೆ ಕಡ್ಡಿಗೆ ಬಿಗಿಯಾಗಿ ಕೂರುವಂತಿರಲಿ. ಸೀಳಿದ ಜಾಗಕ್ಕೆ ಬಟ್ಟೆ ಟೇಪು ಸುತ್ತಿ ಅದರ ಮೇಲೆ ಕೊಳವೆ ಜಾರಿಸಿ, ಎರಡೂ ಬಾಯಿಗೆ ಮತ್ತೆ ಟೇಪು. ಕೊಳವೆಯ ಕತ್ತರಿಸಿದ ಅಂಚನ್ನು ಅರದಿಂದ ಉಜ್ಜದೆ ಬಿಟ್ಟರೆ ಟೆಂಟಿನ ಬಟ್ಟೆ ಹರಿಯುತ್ತದೆ. ಸೀಳಿದ ಫೈಬರನ್ನು ಬರಿಗೈಯಲ್ಲಿ ಸವರಬೇಡಿ.

ಪ್ರ: ಬೆಂಕಿ ಉರಿಯುತ್ತಿದ್ದರೆ ಆನೆ ಹತ್ತಿರ ಬರುವುದಿಲ್ಲ ಅಲ್ಲವೇ? ಮೇ ತಿಂಗಳಲ್ಲಿ ಸಿದ್ದಾಪುರದ ಕಡೆ ಹೋಗುತ್ತಿದ್ದೇವೆ.
— ಓದುಗರು, ಬೆಂಗಳೂರು

ಉ: ಆ ನಂಬಿಕೆ ಇಟ್ಟುಕೊಂಡು ಹೋಗಬೇಡಿ. ಆ ಕಡೆಯ ತೋಟಗಳಲ್ಲಿ ಆನೆಗಳು ಮನುಷ್ಯರಿಗೂ ದೀಪಕ್ಕೂ ಪಟಾಕಿಗೂ ಒಗ್ಗಿಹೋಗಿವೆ. ಮೇಯಿಂದ ಹಲಸು ಹಣ್ಣಾಗುತ್ತದೆ. ಹಲಸಿನ ಮರದಡಿ, ಬಾಳೆ ಇರುವ ಕಡೆ, ಕೆರೆಗೆ ಇಳಿಯುವ ದಾರಿಯಲ್ಲಿ ಡೇರೆ ಹಾಕಬೇಡಿ. ಹೋದ ಕೂಡಲೇ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೋ ಕಾರ್ಮಿಕರ ಲೈನ್‌ಮನೆಯವರನ್ನೋ ‘ನಿನ್ನೆ ಆನೆ ಎಲ್ಲಿತ್ತು’ ಎಂದು ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಅವರು ಬೇಡವೆಂದರೆ ಡೇರೆ ಮಡಚಿ ಮನೆಯ ಜಗಲಿಯಲ್ಲೇ ಮಲಗಿ. ಅಕ್ಕಿ, ಬೆಲ್ಲ, ಉಪ್ಪು, ಹಣ್ಣು ಟೆಂಟಿನೊಳಗೆ ಇಡಬಾರದು, ಜೀಪಿನಲ್ಲಿ ಗಾಜು ಏರಿಸಿ ಇಡಿ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯಬೇಡಿ. ಎದುರಾದರೆ ಟಾರ್ಚನ್ನು ಕಣ್ಣಿಗೆ ಬಿಡುವುದು, ಫೋಟೋ ತೆಗೆಯುವುದು ಎರಡೂ ಬೇಡ. ಸದ್ದಿಲ್ಲದೆ ಹಿಂದೆ ಸರಿಯಿರಿ.

ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ. 108ಕ್ಕೆ ಕರೆ ಮಾಡಿ; ಸಿಗ್ನಲ್ ಎಲ್ಲಿ ಸಿಗುತ್ತದೆಂದು ಹಗಲೇ ನೋಡಿಟ್ಟುಕೊಳ್ಳಿ.

ಪ್ರ: ಪಂದಿಕರಿ (ಹಂದಿ ಸಾರು) ಮನೆಯಲ್ಲೇ ಮಾಡಿಕೊಂಡು ಒಯ್ಯುತ್ತೇವೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದರೆ ಎರಡು ದಿನ ಕೆಡುವುದಿಲ್ಲವಂತೆ?
— ಓದುಗರು, ನಾಪೋಕ್ಲು

ಉ: ಹುಳಿ ಕೆಡುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಚಳಿಗಾಲವಾದರೆ ಬೆಳಿಗ್ಗೆ, ರಾತ್ರಿ ತಪ್ಪದೆ ಕೊತಕೊತ ಕುದಿಸಿ, ಮರುದಿನ ಮಧ್ಯಾಹ್ನಕ್ಕೆ ಮುಗಿಸಿಬಿಡಿ. ಬೇಸಿಗೆಯಲ್ಲಿ ಅದೇ ರಾತ್ರಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಒಯ್ಯಬೇಡಿ, ಕಾಚಂಪುಳಿಯ ಹುಳಿಗೆ ಲೋಹ ಕರಗಿ ಸಾರಿಗೆ ಲೋಹದ ರುಚಿ ಬರುತ್ತದೆ. ಸ್ಟೀಲ್ ಡಬ್ಬಿ, ಮುಚ್ಚಳಕ್ಕೆ ರಬ್ಬರ್ ಇದ್ದದ್ದು. ಜೊತೆಗೆ ಕಡಂಬುಟ್ಟು ಬೇಕೆನಿಸಿದರೆ ಅಕ್ಕಿ ತರಿ ಒಯ್ಯಿರಿ: ಒಂದು ಲೋಟ ತರಿಗೆ ಎರಡು ಲೋಟ ನೀರು, ಉಪ್ಪು, ಮುದ್ದೆಯಾಗುವವರೆಗೆ ಬೇಯಿಸಿ ಉಂಡೆ ಕಟ್ಟಿ. ಇಡ್ಲಿ ಪಾತ್ರೆ ಹೊರಬೇಕಿಲ್ಲ. ಅರ್ಧ ನೀರು ತುಂಬಿದ ಪಾತ್ರೆಯ ಬಾಯಿಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿ, ಉಂಡೆಗಳನ್ನು ಅದರ ಮೇಲಿಟ್ಟು ತಟ್ಟೆ ಬೋರಲು ಮುಚ್ಚಿದರೆ ಕಾಲು ಗಂಟೆಯಲ್ಲಿ ಬೆಂದಿರುತ್ತದೆ. ಬಟ್ಟೆಯ ತುದಿಗಳನ್ನು ಮೇಲಕ್ಕೆ ಮಡಚಿ ಸಿಕ್ಕಿಸಿ, ಜೋತುಬಿದ್ದರೆ ಒಲೆಯ ಬೆಂಕಿ ಹಿಡಿಯುತ್ತದೆ.